ಗಡಿಯಾರದ ಕೆಳಗಿನ ಪಟ್ಟಿ

ದೊಡ್ಡಬಳ್ಳಾಪುರ
ಫೆಬ್ರವರಿ 30, 2191

ಅಜ್ಜಿ ಮುನಿಚೌಡಮ್ಮನಿಗೆ, ನಿನ್ನ ಆರನೇ ತಲೆಮಾರಿನ ಚೌಡಿಯ ಶರಣು.

ತಾರೀಖು ನೋಡಿ ನಗಬೇಡ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ದುಡಿಯುವವರ ರಜೆ. ಯಾರೂ ದಾನ ಕೊಟ್ಟದ್ದಲ್ಲ, ಹೋರಾಡಿ ಕಿತ್ತುಕೊಂಡದ್ದು. ಮುಂದೆ ಬರುವ ಮಾತುಗಳು ವಿಚಿತ್ರ ಅನಿಸಿದರೆ ಕ್ಷಮಿಸು. ನಮ್ಮ ಕಾಲವೇ ಹಾಗಿದೆ.

ನಾನು ಊರಿನ ನೀರಿನ ತೊಟ್ಟಿ ತೊಳೆಯುವವಳು. ಹಗ್ಗಕ್ಕೆ ಜೋತುಬಿದ್ದು ಪಾಚಿ ಕೆರೆಯುವ ಕೆಲಸ. ನಮ್ಮದು ದೀಪದೂರು, ಅಂದರೆ ಚಾವಣಿ ಹೊದಿಸಿದ ಊರು. ಸೂರ್ಯ ಕಾಣುವುದಿಲ್ಲ, ಕಂಪನಿ ದೀಪ ಹೊತ್ತಿಸಿದಾಗ ಹಗಲು. ಹೊತ್ತು ಹೇಳುವುದು ಹೊತ್ತುಗಿವಿ, ಕಿವಿಯೊಳಗೆ ಕೂರಿಸಿದ ಕಂಪನಿಯ ಗುಂಡಿ. ಅದು ಎಂಟು ಗಂಟೆಯ ದುಡಿಮೆ ತುಂಬಿತು ಅಂದಾಗಲೇ ಪಾಳಿ ಮುಗಿಯುವುದು.

ಮೈ ಮಾತ್ರ ಬೇರೆ ಲೆಕ್ಕ ಹೇಳುತ್ತಿತ್ತು. ಅದಕ್ಕೇ ಕೀಲಿ ಕೊಡುವ ಹಳೇ ಗಡಿಯಾರವೊಂದನ್ನು ಹುಡುಕಿ, ನಿನ್ನ ಪೆಟ್ಟಿಗೆಯಲ್ಲಿದ್ದ, ನೀನೇ ಹೊಲಿದ ಬೂದು ನೈಲಾನ್ ಪಟ್ಟಿಗೆ ಸಿಕ್ಕಿಸಿ ಕಟ್ಟಿಕೊಂಡೆ. ಮೇಸ್ತ್ರಿ ಶಾಂತರಾಜ ಅಣಕಿಸಿದ: “ಏನಮ್ಮಿ, ಮಿಲಿಟರಿ ಪಟ್ಟಿ? ಯುದ್ಧಕ್ಕೆ ಹೊಂಟ್ಯಾ?”

“ಹೂಂ ಕಣಣ್ಣ. ನಿನ್ ಮೇಲೇನೆ.”

ಪಟ್ಟಿಯ ಮಾದರಿ ಮಿಲಿಟರಿಯದೇ, ಸುಳ್ಳಲ್ಲ. 1973ರಲ್ಲಿ ಬ್ರಿಟಿಷ್ ಸೈನ್ಯ ಇದರ ಅಳತೆ ಬರೆದಿಟ್ಟಿತು. ಸಿಪಾಯಿ ಫಾರಂ ತುಂಬಿ ಉಗ್ರಾಣದಿಂದ ಪಡೆಯುತ್ತಿದ್ದ. ಆಮೇಲೆ ರೆಜಿಮೆಂಟುಗಳ ಬಣ್ಣದ ಗೀಟು ಬಂತು, ಶೋಕಿಲಾಲರ ಕೈಗೂ ಏರಿತು. ಏರದೆ ಇರುತ್ತದೆಯೇ? ಬೆವರಿಗೆ ಕೊಳೆಯದು, ಒಗೆದರೆ ಬೇಗ ಒಣಗುತ್ತದೆ, ತೋಳಿನ ಬಟ್ಟೆಯ ಮೇಲೂ ಕಟ್ಟಬಹುದು. ಚರ್ಮದ ಪಟ್ಟಿಗೆ ಕುರ್ಚಿಯ ಮೇಲೆ ಕೂತವನ ಗತ್ತು. ಇದಕ್ಕೆ ದುಡಿಯುವ ಕೈಯ ಗತ್ತು. ಕೊಲ್ಲಲು ಹೋಗುವವರಿಗೆಂದು ಹುಟ್ಟಿದ್ದನ್ನು ಬದುಕಲು ಹೊರಟ ನಾವು ಕಸಿದುಕೊಂಡೆವು.

ಹೋದ ತಿಂಗಳು ಹೊತ್ತುಗಿವಿ ಬೆಳಗಿನ ಆರು ಗಂಟೆ ಅಂದಾಗ ಗಡಿಯಾರವನ್ನೂ ಅದಕ್ಕೇ ಹೊಂದಿಸಿ ತೊಟ್ಟಿಗಿಳಿದೆ. ಪಾಳಿಯ ಕೊನೆಯಲ್ಲಿ ಮುಂಗೈ ಗೋಡೆಗೆ ಬಡಿಯಿತು. ಗಡಿಯಾರವನ್ನು ಪಟ್ಟಿಗೆ ಹಿಡಿದಿಡುವ ಎರಡು ಸ್ಪ್ರಿಂಗ್ ಕಡ್ಡಿಗಳಲ್ಲಿ ಒಂದು ಹಾರಿಹೋಯಿತು. ಕೆಳಗೆ ಆಳದ ನೀರು. ಎರಡು ತುಂಡಿನ ಪಟ್ಟಿಯಾಗಿದ್ದರೆ ಗಡಿಯಾರ ನೀರುಪಾಲಾಗುತ್ತಿತ್ತು. ನಿನ್ನದು ಒಂದೇ ಉದ್ದನೆಯ ಪಟ್ಟಿ, ಗಡಿಯಾರದ ಅಡಿಯಲ್ಲಿ ಹಾದು ಎರಡೂ ಕಡ್ಡಿಗಳೊಳಗೆ ನುಗ್ಗಿದ್ದು. ಒಂದು ಹೋದರೆ ಇನ್ನೊಂದು ಹಿಡಿಯಿತು. ಗೋಡೆಯ ಏಟಿಗೆ ನಿಂತ ಮುಳ್ಳು ಐದು ಗಂಟೆ ತೋರಿಸುತ್ತಿತ್ತು. ಅದೇ ಗಳಿಗೆಗೆ ಹೊತ್ತುಗಿವಿ ಉಲಿಯಿತು: ಎರಡು ಗಂಟೆ. ದುಡಿದದ್ದು ಹನ್ನೊಂದು ಗಂಟೆ, ಲೆಕ್ಕಕ್ಕೆ ಬರೀ ಎಂಟು. ಮೂರು ಗಂಟೆ ಕದ್ದಿದ್ದರು! ಹಗ್ಗದ ಮೇಲಿದ್ದ ಇಪ್ಪತ್ಮೂರು ಜನವೂ ಇಣುಕಿ ನೋಡಿದರು.

ನಾಳೆ ದುಡಿಮೆಕಟ್ಟೆಯಲ್ಲಿ, ಅಂದರೆ ನಮ್ಮ ನ್ಯಾಯದ ಕಟ್ಟೆಯಲ್ಲಿ, ವಿಚಾರಣೆ. ಗೆದ್ದರೆ ಊರಿನ ಪ್ರತಿ ಕೈಗೂ ಅದರದೇ ಗಡಿಯಾರ. ಗೆಲ್ಲುತ್ತೇವೆ.

ನಿನ್ನಲ್ಲಿ ಒಂದೇ ಕೇಳಿಕೆ. ಮನೆಯಲ್ಲಿ ಉಳಿದುಬಂದ ಮಾತಿದು: ಒಂದು ಸೋಮವಾರ ಪಟ್ಟಿ ಕಾರ್ಖಾನೆಯ ಮಾಲೀಕ ನಿನ್ನ ಹೊಲಿಗೆ ಮಿಷಿನ್ ಪಕ್ಕ ನಿಂತು ಹೇಳುತ್ತಾನೆ, “ಎರಡು ತುಂಡು ಮಾಡಿ ಹೊಲಿಯಮ್ಮ, ನೈಲಾನ್ ಉಳೀತದೆ. ಗಡಿಯಾರದ ಕೆಳಗಿಂದು ಯಾವನು ನೋಡ್ತಾನೆ?” ನೀನು ಏನಂದೆಯೋ ಯಾರಿಗೂ ನೆನಪಿಲ್ಲ. ನನ್ನ ಕೈಯಲ್ಲಿರುವ ಪಟ್ಟಿ ಮಾತ್ರ ಉದ್ದವಾಗಿಯೇ ಇದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆ ಸೋಮವಾರ ನಿನಗಿನ್ನೂ ಮುಂದಿದೆ. ಪೆಡಲಿನಿಂದ ಕಾಲು ತೆಗೆ. ಕತ್ತರಿ ಮುಟ್ಟಬೇಡ.

ನಾಳೆ ನಾನು ಗಡಿಯಾರವನ್ನು ಮೇಜಿನ ಮೇಲೆ ಬೋರಲು ಇಡುತ್ತೇನೆ. ಯಾವನೂ ನೋಡುವುದಿಲ್ಲ ಎಂದು ನಿನ್ನ ಮಾಲೀಕ ಹೇಳಿದ ಜಾಗವನ್ನೇ ಮೊದಲು ನೋಡಲಿ. ಮುಳ್ಳು ಆಮೇಲೆ ತೋರಿಸುತ್ತೇನೆ.

ನಿನ್ನ ಹೆಸರಿನವಳು,
ಚೌಡಿ