ಇಪ್ಪತ್ತಮೂರನೇ ಪುಟದ ವಾಕ್ಯ

ಪ್ರೀತಿಯ ಅತ್ತಿಗೆ,

ಐದು ವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಎತ್ತಿದ್ದರೆ ನಾನು ನಿನ್ನ ಕೆಮ್ಮು, ನನ್ನ ಮನೆಯ ಸೋರುವ ನಲ್ಲಿ, ಈ ಸಲದ ಬಿಸಿಲು ಅಂತ ಏನೇನೋ ಮಾತಾಡಿ ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಹಾಗೆ ಜಾರಿಕೊಳ್ಳುವುದು ಕಷ್ಟ. ಊಟದ ಬಿಡುವಿನಲ್ಲಿ ಕಚೇರಿಯ ಹಳೇ ಕಡತಗಳ ಕೋಣೆಗೆ ಬಂದು ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಪೂರ್ತಿ ನಿಜವಲ್ಲ, ಈ ನಾಲ್ಕು ಸಾಲು ಬರೆಯುವುದರೊಳಗೆ ಮೂರು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅವತ್ತು ಶಿಬಿರದಲ್ಲಿ ನೀನು ಎದ್ದು ನಿಂತು ಗಟ್ಟಿಯಾಗಿ ಓದಿದೆಯಲ್ಲ, ಆ ವಾಕ್ಯ ಬರೆದವನು ನಾನು.

ನಿನಗೆ ಆಗಲೇ ಗೊತ್ತಾಗಿರಬೇಕು. ನಾನು ಒಂಬತ್ತು ವರ್ಷದ ಹುಡುಗನಾಗಿದ್ದಾಗಿನಿಂದ ನನ್ನ ಬರವಣಿಗೆ ನೋಡಿದವಳು ನೀನು. ಅಣ್ಣನನ್ನು ಮದುವೆಯಾಗಿ ನೀನು ಮನೆಗೆ ಬಂದಾಗ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ನಾನು ಬಟ್ಟೆ ತಿರುವುಮುರುವಾಗಿ ಹಾಕಿಕೊಂಡು ಬೀದಿಯಲ್ಲಿರುವ ಅಂಗಡಿಗಳ ಹಲಗೆಗಳಲ್ಲಿ ಕಾಗುಣಿತದ ತಪ್ಪು ಹುಡುಕುತ್ತಾ ಅಲೆಯುತ್ತಿದ್ದೆ. "ಬಾರೋ ಪಂಡಿತ, ಮೊದಲು ಅಂಗಿ ಸರಿ ಮಾಡ್ಕೋ, ಆಮೇಲೆ ಲೋಕ ತಿದ್ದುವಿಯಂತೆ" ಅಂದೆ. ಅಂದಿನಿಂದ ನಾನು ಪಂಡಿತ. ದೊಡ್ಡ ಶಾಲೆಯಲ್ಲಿ ಜಾಗವಿಲ್ಲ ಅಂದಾಗ ಹೆಡ್‌ಮಾಸ್ಟರರ ಬಾಗಿಲ ಮುಂದೆ ನೆಲದ ಮೇಲೆ ಕೂತವಳು ನೀನು. "ನೀವು ಕೆಲಸ ಮಾಡ್ಕೊಳ್ಳಿ ಸಾರ್, ನನಗೇನೂ ಅವಸರ ಇಲ್ಲ" ಅಂದೆಯಂತೆ. ಸಂಜೆ ನಾಲ್ಕಕ್ಕೆ ಅವರೇ ಒಂದು ಬೆಂಚು ತರಿಸಿ ತರಗತಿಗೆ ಹಾಕಿಸಿದರು. ಆ ಬೆಂಚಿನಿಂದ ಎದ್ದು ಬಂದವನು ಇಲ್ಲಿ, ಪ್ರಾಂತ್ಯ ಸರ್ಕಾರದ ಯೋಜನಾ ವಿಭಾಗದಲ್ಲಿ, ಸರ್ಕಾರ ಮುಂದಿನ ಐದು ವರ್ಷ ಏನು ಮಾಡಬೇಕು ಅನ್ನುವುದನ್ನು ಚೆಂದದ ವಾಕ್ಯಗಳಲ್ಲಿ ಬರೆದುಕೊಡುವ ಕೆಲಸ ಮಾಡುತ್ತಾ ಬಂದೆ. ಯಾವುದಕ್ಕೆ ಮೊದಲ ಸ್ಥಾನ, ಯಾವುದಕ್ಕೆ ಎರಡನೆಯದು ಅಂತ ದೊಡ್ಡವರು ತೀರ್ಮಾನಿಸುತ್ತಾರೆ. ಅದಕ್ಕೆ ಮಾತು ತೊಡಿಸುತ್ತಿದ್ದವನು ನಾನು. ಕಚೇರಿಯಲ್ಲಿ ನನಗೆ 'ಅಲ್ಪವಿರಾಮ' ಅಂತ ಹೆಸರಿಟ್ಟಿದ್ದಾರೆ, ಗೊತ್ತಲ್ಲ.

ಈ ಸಲದ ಆದ್ಯತೆಗಳಲ್ಲಿ ಮೊದಲನೆಯದು ಹೆದ್ದಾರಿ ಬದಿಯ ಕೈಗಾರಿಕಾ ವಲಯ. ಬೆಳವಣಿಗೆ ಅಲ್ಲಿಂದಲೇ ಬರಬೇಕು, ಮಹಿಳೆಯರಿಗೆ ಉದ್ಯೋಗ ಅಲ್ಲಿಂದಲೇ ಸಿಗಬೇಕು ಎಂದು ತೀರ್ಮಾನವಾಗಿತ್ತು. ಅಲ್ಲಿಯ ಔಷಧಿ ಕಾರ್ಖಾನೆ ಶುರುವಾದಾಗ, ನೀನು ಅಣ್ಣ ಆಮೇಲೆ ಹೋಗಿ ನೆಲೆಸಿದ ಊರಿನ ನಲವತ್ತು ಜನ ಹೆಂಗಸರು ಪ್ಯಾಕಿಂಗ್ ವಿಭಾಗಕ್ಕೆ ಸೇರಿದಿರಿ. ಅಣ್ಣ ಹೋಗಿ ಆರು ವರ್ಷವಾದ ಮೇಲೆ, ನಿನ್ನ ಐವತ್ತೊಂದನೇ ವಯಸ್ಸಿನಲ್ಲಿ, ಮೊದಲ ಸಲ ನಿನ್ನ ಕೊರಳಿಗೆ ಗುರುತಿನ ಚೀಟಿ ಬಂತು. ಅವತ್ತು ನೀನು ಫೋನ್ ಮಾಡಿ ನಕ್ಕಿದ್ದೆ. "ಫೋಟೋ ಕಳ್ಳಿ ಥರ ಬಂದಿದೆ ಕಣೋ. ಆದ್ರೆ ಹೆಸರು ಮಾತ್ರ ತಪ್ಪಿಲ್ದೆ ಬರೆದಿದಾರೆ, ನೀನು ಬಂದು ನೋಡ್ಬೋದು."

ನಾನು ನೋಡಲು ಬರಲಿಲ್ಲ. ಏಳು ತಿಂಗಳ ಮೇಲೆ ನೀನೇ ಒಂದು ದಿನ "ಕೆಲಸ ಬಿಟ್ಟೆ" ಅಂದೆ. ಮಂಡಿ ನೋವಿರಬೇಕು ಅಂದುಕೊಂಡು ನಾನು "ಒಳ್ಳೇದಾಯ್ತು, ಇನ್ನು ಆರಾಮಾಗಿರು" ಅಂದೆ. ಯಾಕೆ ಬಿಟ್ಟೆ ಅಂತ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಕಾಗದವೇ ಬೇಕಾಗುತ್ತಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಕಾರ್ಖಾನೆಯಿಂದ ನಮಗೆ ವರದಿ ಬಂತು. ನಲವತ್ತು ಜನ ಸ್ಥಳೀಯ ಹೆಂಗಸರಲ್ಲಿ ಉಳಿದವರು ನಾಲ್ಕೇ ಜನ. ಕಾರಣ ಬರೆಯುವ ಜಾಗದಲ್ಲಿ ಮೂವತ್ತಾರು ಸಲ ಒಂದೇ ಮಾತು: 'ಸ್ವಇಚ್ಛೆಯಿಂದ ಬಿಟ್ಟಿದ್ದಾರೆ.' ನಿರ್ದೇಶಕರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ಒಂದು ಸಾಲಲ್ಲಿ ಮುಗಿಸಿ, ಉದ್ದ ಬೇಡ" ಅಂದರು. ನಾನು ಚಹಾ ಕುಡಿಯುತ್ತಾ ಬರೆದೆ: 'ಸ್ಥಳೀಯ ಮಹಿಳೆಯರಲ್ಲಿ ನಿಯಮಿತ ಉದ್ಯೋಗದ ಕುರಿತು ಆಸಕ್ತಿಯ ಕೊರತೆ ಕಂಡುಬಂದಿದೆ.' ಕರಡು ಪುಸ್ತಕದ ಇಪ್ಪತ್ತಮೂರನೇ ಪುಟ. ಬರೆದು ಮುಗಿಸಿದಾಗ ವಾಕ್ಯ ಚೆನ್ನಾಗಿದೆ ಅನ್ನಿಸಿತು ಅತ್ತಿಗೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆ ಮೂವತ್ತಾರರಲ್ಲಿ ನೀನೊಬ್ಬಳು ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಒಂದು ತಪ್ಪು ವಾಕ್ಯ ಸುಮ್ಮನೆ ಕೂರುವುದಿಲ್ಲ, ಮರಿ ಹಾಕುತ್ತದೆ. ಆಸಕ್ತಿ ಇಲ್ಲ ಅಂದ ಮೇಲೆ ಆಸಕ್ತಿ ಹುಟ್ಟಿಸಬೇಕಲ್ಲ! ಸಾಮಾಜಿಕ ಅಭಿವೃದ್ಧಿಯ ಅಧ್ಯಾಯಕ್ಕೆ 'ಮಹಿಳಾ ಉದ್ಯೋಗ ಜಾಗೃತಿ ಶಿಬಿರ' ಅಂತ ಹೊಸದೊಂದು ಸೇರಿಕೊಂಡಿತು. ಮೊದಲ ಶಿಬಿರ ನಿಮ್ಮ ಊರಿನ ಶಾಲೆಯ ಸಭಾಂಗಣದಲ್ಲೇ ನಡೆಯಿತು. ನಿರ್ದೇಶಕರ ಹಿಂದೆ ಕಡತ ಹಿಡಿದುಕೊಂಡು ನಾನೂ ಬಂದೆ. ಮೂರನೇ ಸಾಲಿನಲ್ಲಿ ನಿನ್ನನ್ನು ಕಂಡು ಖುಷಿಯಿಂದ ಕೈ ಎತ್ತಿದೆ. ನೀನು ನಗಲಿಲ್ಲ. ನಿನ್ನ ಕೈಯಲ್ಲಿ, ಜನರ ಅಭಿಪ್ರಾಯಕ್ಕೆಂದು ನಾವು ಊರೂರಿಗೆ ಕಳಿಸಿದ್ದ ಆ ಕರಡು ಪುಸ್ತಕವಿತ್ತು.

ಪಟ್ಟಣದಿಂದ ಬಂದ ಭಾಷಣಕಾರ, ದುಡಿಮೆಯಿಂದ ಹೆಣ್ಣಿಗೆ ಸ್ವಾಭಿಮಾನ ಬರುತ್ತದೆ, ಸೋಮಾರಿತನ ಬಿಡಿ, ಬೆಳಿಗ್ಗೆ ಬೇಗ ಏಳಿ ಅಂದ. ಆಗ ನೀನು ಎದ್ದೆ. ಇಪ್ಪತ್ತಮೂರನೇ ಪುಟ ತೆಗೆದು ಆ ಸಾಲನ್ನು ಓದಿದೆ, ಶಾಲೆಯ ಮಗುವಿನ ಹಾಗೆ ಒಂದೊಂದೇ ಪದ ಬಿಡಿಸಿ. ಆಮೇಲೆ ಕೇಳಿದೆ. "ನಾನು ನಾಲ್ಕೂವರೆಗೆ ಏಳ್ತಿದ್ದೆ ಸ್ವಾಮಿ. ಇನ್ನೂ ಬೇಗ ಅಂದ್ರೆ ಎಷ್ಟೊತ್ತಿಗೆ ಏಳ್ಬೇಕು? ನಮಗೆ ಆಸಕ್ತಿ ಇಲ್ಲ ಅಂತ ನಿಮಗೆ ಹೇಳಿದ್ಯಾರು? ಯಾರು ಬರೆದಿದ್ದು ಇದನ್ನ?"

ನಿರ್ದೇಶಕರು ನನ್ನ ಕಡೆ ತಿರುಗಿದರು. ನಾನು ಹೇಳಿದೆ, "ಕಾರ್ಖಾನೆ ವರದಿಯಿಂದ ತಗೊಂಡಿದ್ದು ಸಾರ್."

ಮೈಕು ಹತ್ತಿರದಲ್ಲೇ ಇತ್ತು. ಎಲ್ಲರಿಗೂ ಕೇಳಿಸಿತು. ನೀನು ನನ್ನನ್ನೇ ಒಂದು ಕ್ಷಣ ನೋಡಿ ಕೂತುಬಿಟ್ಟೆ. ಹೆಡ್‌ಮಾಸ್ಟರರ ಬಾಗಿಲಲ್ಲಿ ದಿನವಿಡೀ ಕೂತವಳು ಅಷ್ಟು ಬೇಗ ಸುಮ್ಮನಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಹೊರಗೆ ಗೇಟಿನ ಹತ್ತಿರ ನನ್ನನ್ನು ದಾಟಿ ಹೋಗುವಾಗ ನೀನು ಅಂದದ್ದಿಷ್ಟೇ. "ಊಟಕ್ಕೆ ಕರೆಯೋಣ ಅಂದ್ಕೊಂಡಿದ್ದೆ. ಇವತ್ತು ಬೇಡ ಬಿಡು."

ಆಮೇಲೆ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕು ತಿಳಿಯುತ್ತಿರಲಿಲ್ಲ. ಬಾಡಿಗೆ ಮನೆಯ ಎರಡು ಕೋಣೆಗಳ ನಡುವೆ ನಾನು ಓಡಾಡುವ ಸದ್ದಿಗೆ ಕೆಳಗಿನ ಮನೆಯ ದರ್ಜಿ ಮೇಲೆ ಬಂದು, "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?" ಅಂತ ಕೇಳಿದ. ನಾಲ್ಕೂವರೆ ಅನ್ನುವ ಮಾತು ತಲೆಯೊಳಗೆ ಹುಳದ ಹಾಗೆ ಕೊರೆಯುತ್ತಿತ್ತು. ಏಳಕ್ಕೆ ಶುರುವಾಗುವ ಕೆಲಸಕ್ಕೆ ನಾಲ್ಕೂವರೆಗೆ ಯಾಕೆ ಏಳಬೇಕು?

ಒಂದು ಗುರುವಾರ ರಜೆ ಹಾಕಿದೆ. ನಿನಗೆ ಹೇಳದೆ ಹಿಂದಿನ ಸಂಜೆಯೇ ಬಂದು ನಿಮ್ಮ ಊರಿನ ಲಾಡ್ಜಿನಲ್ಲಿ ಉಳಿದೆ. ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಹೆದ್ದಾರಿಯ ತಿರುವಿಗೆ ಬಂದರೆ ಆ ನಾಲ್ಕು ಜನ ಬಂದರು, ಇನ್ನೂ ಕೆಲಸದಲ್ಲಿ ಉಳಿದವರು. ನಾನು ಯೋಜನಾ ವಿಭಾಗದವನು, ನಿಮ್ಮ ಜೊತೆ ನಡೆಯಬಹುದೇ ಅಂತ ಕೇಳಿದೆ. ಅವರಲ್ಲಿ ಉದ್ದನೆಯ ಹುಡುಗಿಯೊಬ್ಬಳು ನನ್ನ ಬೂಟು ನೋಡಿ ನಕ್ಕಳು. "ನಡೀರಿ ಸಾರ್, ದಾರಿ ಏನು ನಮ್ಮಪ್ಪಂದಾ? ಆದ್ರೆ ಹಿಂದೆ ಬಿದ್ರೆ ನಿಲ್ಲಲ್ಲ, ನಮಗೆ ಗೇಟು ಹಾಕ್ತಾರೆ."

ಏಳು ಕಿಲೋಮೀಟರು. ಜಲ್ಲಿ ಲಾರಿಗಳು ಮೈಗೆ ತಾಗುವಷ್ಟು ಹತ್ತಿರದಲ್ಲಿ ಹಾದು ಹೋಗುತ್ತವೆ. ಹಾದಾಗಲೆಲ್ಲ ಎಲ್ಲರೂ ಒಟ್ಟಿಗೆ ಚರಂಡಿಯ ಕಡೆ ವಾಲುತ್ತಾರೆ, ಮಾತು ನಿಲ್ಲಿಸದೆ. ನನಗೆ ಎರಡನೇ ಕಿಲೋಮೀಟರಿಗೇ ಹಿಮ್ಮಡಿ ಸುಲಿಯಿತು. ಒಬ್ಬ ಹೆಂಗಸು ನಿನ್ನ ಹೆಸರೆತ್ತಿದಳು, ನಾನು ಯಾರು ಅಂತ ತಿಳಿಯದೆ. "ನಮ್ಮ ದೊಡ್ಡಕ್ಕ ಇದ್ದಾಗ ದಾರಿ ಸವೀತಿದ್ದಿದ್ದೇ ಗೊತ್ತಾಗ್ತಿರ್ಲಿಲ್ಲ. ಎಲ್ಲಾ ಸೂಪರ್‌ವೈಸರ್‌ಗಳ ಥರ ನಡೆದು ತೋರಿಸೋರು. ಒಂದಿನ ಇಲ್ಲೇ ಕಾಲು ಉಳುಕ್ತು ಅವರಿಗೆ. ಕುಂಟ್ಕೊಂಡೇ ಬಂದ್ರು, ನಾಲ್ಕು ನಿಮಿಷ ತಡ. ಅದು ಮೂರನೇ ತಡ. ತಿಂಗಳಿಗೆ ಮೂರು ತಡ ಆದ್ರೆ ಹೆಸರು ಹೊಡೀತಾರೆ. ಅದಕ್ಕೂ ಒಂದು ಕಾಗದಕ್ಕೆ ಸಹಿ ಮಾಡಿಸ್ಕೋತಾರೆ, ನಮ್ಮಿಷ್ಟದಿಂದ ಬಿಟ್ವಿ ಅಂತ."

"ಬಸ್ಸು ಇಲ್ವಾ?" ಅಂತ ಕೇಳಿದೆ. ನಾಲ್ವರೂ ನಕ್ಕರು. ಯಾಕೆ ನಕ್ಕರು ಅಂತ ಗೇಟಿನ ಹತ್ತಿರ ಗೊತ್ತಾಯಿತು. ಆರೂ ಮುಕ್ಕಾಲಿಗೆ ಅವರು ಒಳಗೆ ಹೋದರು. ಏಳಕ್ಕೆ ಸೈರನ್ ಕೂಗಿ ಗೇಟು ಬಿತ್ತು. ಏಳೂ ಹನ್ನೆರಡಕ್ಕೆ, ಮುಚ್ಚಿದ ಗೇಟಿನ ಮುಂದೆ, ನಿಮ್ಮ ಊರಿನಿಂದ ಬರುವ ಸರ್ಕಾರಿ ಬಸ್ಸು ಬಂದು ನಿಂತಿತು. ಒಳಗೆ ಐದೋ ಆರೋ ಜನ. ಹನ್ನೆರಡು ನಿಮಿಷ ಅತ್ತಿಗೆ! ಅದೇ ಬಸ್ಸು ಹತ್ತಿ ಡಿಪೋಗೆ ಹೋಗಿ ಅಲ್ಲಿಯ ಟೈಮ್‌ಕೀಪರ್‌ನನ್ನು ಕೇಳಿದೆ. ಅರ್ಧ ಗಂಟೆ ಮೊದಲು ಹೊರಡಿಸುವುದಕ್ಕೆ ಏನಡ್ಡಿ? ಅವನು ಕನ್ನಡಕ ಒರೆಸುತ್ತಾ ಹೇಳಿದ, "ನಮ್ಗೇನಡ್ಡಿ ಸಾರ್? ಮೇಲಿಂದ ಕಾಗದ ಬರ್ಬೇಕು ಅಷ್ಟೆ. ಹೆಂಗಸ್ರು ನಿಮ್ಮ ಕಚೇರಿಗೇ ಅರ್ಜಿ ಕೊಟ್ಟಿದಾರಂತಲ್ಲ."

ಮರುದಿನ ಈ ಕೋಣೆಯಲ್ಲೇ ಧೂಳು ಕುಡಿದು ಹುಡುಕಿದೆ. ಸಿಕ್ಕಿತು. ನಿನ್ನ ಅಕ್ಷರ, ಕೆಳಗೆ ನಲವತ್ತು ಸಹಿ, ಹತ್ತು ತಿಂಗಳ ಹಿಂದಿನ ತಾರೀಖು. ಎಲ್ಲೂ ನಿನ್ನ ಮೈದುನ ಇಲ್ಲಿದ್ದಾನೆ ಅಂತ ಬರೆದಿಲ್ಲ. ನನಗೆ ಫೋನಿನಲ್ಲೂ ಹೇಳಿಲ್ಲ. ಅಂಚಿನಲ್ಲಿ ಹಸಿರು ಶಾಯಿಯಲ್ಲಿ 'ನೋಡಿದೆ, ಕಡತಕ್ಕೆ ಸೇರಿಸಿ' ಅಂತ ಒಂದು ಷರಾ. ಕೆಳಗಿನ ಚಿಕ್ಕ ಸಹಿ ನನ್ನದು. ನೋಡಿರಲಿಲ್ಲ ಅತ್ತಿಗೆ. ಅವತ್ತು ಬಂದ ಅರವತ್ತೋ ಎಪ್ಪತ್ತೋ ಅರ್ಜಿಗಳ ಮೇಲೆ ಸಾಲಾಗಿ ಅದೇ ಮಾತು ಬರೆದು ಎದ್ದಿದ್ದೆ.

ಹೋದ ಮಂಗಳವಾರ ಆದ್ಯತಾ ಪುಸ್ತಕಕ್ಕೆ ಒಪ್ಪಿಗೆ ಕೊಡುವ ಕೊನೆಯ ಸಭೆ. ಉದ್ದನೆಯ ಮೇಜು, ಸುತ್ತ ಇಲಾಖೆಗಳ ಮುಖ್ಯಸ್ಥರು, ತುದಿಯಲ್ಲಿ ಅಧ್ಯಕ್ಷರು. ನಾನು ಗೋಡೆ ಬದಿಯ ಕುರ್ಚಿಯಲ್ಲಿ ನಡಾವಳಿ ಬರೆದುಕೊಳ್ಳಬೇಕು, ಬಾಯಿ ತೆರೆಯುವ ಹಾಗಿಲ್ಲ. ಇಪ್ಪತ್ತೊಂದು ಆಯಿತು, ಇಪ್ಪತ್ತೆರಡು ಆಯಿತು. ಮುಂದಿನ ಪುಟ ಅಂದಾಗ ಕಾಲು ತಾನಾಗಿ ಎದ್ದು ನಿಂತಿತು. "ಸಾರ್, ಈ ಪುಟದಲ್ಲಿ ಒಂದು ವಾಕ್ಯ ಸುಳ್ಳು. ಬರೆದವನು ನಾನೇ" ಅಂದೆ. ನಿರ್ದೇಶಕರ ಮುಖ ಕೆಂಡವಾಯಿತು. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಸುಳ್ಳಾದ್ರೆ ತಿದ್ರಿ. ಭಾಷಣ ಬೇಡ" ಅಂದರು.

ಭಾಷಣ ಬರಲೂ ಇಲ್ಲ. ಏಳು ಕಿಲೋಮೀಟರು, ಮೂರು ತಡ, ಹನ್ನೆರಡು ನಿಮಿಷ, ಇಷ್ಟು ಹೇಳಿ ನಿನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಅದರ ಮೇಲಿನ ಹಸಿರು ಷರಾವನ್ನೂ ಮುಚ್ಚಲಿಲ್ಲ. ಕೆಲಸ ಕೇಳಿ ಬಂದವರನ್ನು ನಾವೇ ಹೊರಗೆ ಹಾಕಿ, ಈಗ ಅವರಿಗೆ ಕೆಲಸದ ಬಗ್ಗೆ ಪಾಠ ಹೇಳುತ್ತಿದ್ದೇವೆ ಅಂದೆ. ಸಾರಿಗೆಯವರು ಇದಕ್ಕೆ ಸಮಗ್ರ ಅಧ್ಯಯನ ಆಗಬೇಕು ಎಂದರು. ಅಧ್ಯಕ್ಷರು ಅರ್ಜಿಯಲ್ಲಿನ ಸಹಿಗಳ ಮೇಲೆ ಬೆರಳಾಡಿಸುತ್ತಾ, "ಅರ್ಧ ಗಂಟೆ ಮೊದಲು ಬಸ್ಸು ಬಿಡೋದಕ್ಕೆ ಎಂಥಾ ಅಧ್ಯಯನ ರೀ?" ಅಂದರು. ಮೂರು ತಿಂಗಳು ಪ್ರಯೋಗ ಅಂತ ತೀರ್ಮಾನವಾಯಿತು. ದಿನಕ್ಕೆ ಮೂವತ್ತು ಜನಕ್ಕಿಂತ ಕಡಿಮೆ ಹತ್ತಿದರೆ ಬಸ್ಸು ಮತ್ತೆ ಹಳೇ ಹೊತ್ತಿಗೆ. ವಾಕ್ಯ ಹೋಯಿತು. ಆದರೆ ಜಾಗೃತಿ ಶಿಬಿರ ಹೋಗಲಿಲ್ಲ, ಉಳಿದ ಊರುಗಳಲ್ಲಿ ನಡೆಯುತ್ತದಂತೆ. ಕೆಲಸ ಹೋದವರನ್ನು ಮತ್ತೆ ತೆಗೆದುಕೊಳ್ಳುವ ಮಾತು ಕಾರ್ಖಾನೆ ಒಪ್ಪಿಲ್ಲ. ಹೊಸದಾಗಿ ಅರ್ಜಿ ಹಾಕಲಿ, ಸೋಮವಾರದಿಂದ ಗೇಟಿನಲ್ಲಿ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ನಾನು ಶಿಫಾರಸು ಮಾಡುವುದಿಲ್ಲ. ಮಾಡಿದರೆ ನೀನು ಆ ಚೀಟಿಯನ್ನು ಮುಖಕ್ಕೇ ಎಸೆಯುತ್ತೀಯ.

ಸಭೆ ಮುಗಿದ ಮೇಲೆ ನಿರ್ದೇಶಕರು ನನ್ನನ್ನು ಒಳಗೆ ಕರೆದರು. "ಬರೆಯೋ ಕೆಲಸ ಇನ್ನು ಬೇರೆಯವರು ಮಾಡ್ತಾರೆ. ಬಸ್ಸಿನ ಮೇಲೆ ಅಷ್ಟು ಪ್ರೀತಿ ಇದ್ರೆ ನೀವೇ ಹೋಗಿ ತಲೆ ಎಣಿಸಿ." ಶಿಕ್ಷೆ ಅಂತಲೇ ಕೊಟ್ಟದ್ದು. ಹೊರಗೆ ಬಂದಾಗ ಎದೆ ಹಗುರವಾಗಿತ್ತು ಅಂತ ಬರೆದರೆ ಮತ್ತೊಂದು ಚೆಂದದ ಸುಳ್ಳಾಗುತ್ತದೆ. ಇಪ್ಪತ್ತು ವರ್ಷ ಮಾಡಿದ ಕೆಲಸ. ಮೇಜು ಖಾಲಿ ಮಾಡುವುದಕ್ಕೆ ಸಂಜೆಯವರೆಗೆ ಹೊತ್ತು ಹಿಡಿಯಿತು. ಈಗಲೂ ನೆಮ್ಮದಿಯಿಲ್ಲ. ಮೂವತ್ತು ಜನ ಬರದೆ ಹೋದರೆ? ಬಂದರೂ ಕಾರ್ಖಾನೆ ತೆಗೆದುಕೊಳ್ಳದೆ ಹೋದರೆ? ಎಷ್ಟು ಅರ್ಜಿಗಳ ಮೇಲೆ ಹಾಗೆ ಸಹಿ ಹಾಕಿದ್ದೇನೋ? ಇಲ್ಲಿಯ ಕಪಾಟುಗಳ ತುಂಬ ಅವೇ ಇವೆ. ಬಿಡುವಿದ್ದಾಗಲೆಲ್ಲ ಬಂದು ಒಂದೊಂದೇ ತೆಗೆದು ಓದುತ್ತಿದ್ದೇನೆ. ಇವತ್ತಿಗೆ ಹನ್ನೊಂದಾಯಿತು.

ಸೋಮವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಬಸ್ಸು ನಿಮ್ಮ ತಿರುವಿಗೆ ಬರುತ್ತದೆ. ಊರಿನಲ್ಲಿ ಎಲ್ಲರಿಗೂ ಹೇಳು. ನೀನು ಹೇಳಿದರೆ ಬರುತ್ತಾರೆ. ಬಾಗಿಲ ಪಕ್ಕ ಪಟ್ಟಿ ಹಿಡಿದುಕೊಂಡು ನಾನು ನಿಂತಿರುತ್ತೇನೆ. ನನ್ನ ಜೊತೆ ಮಾತಾಡಲೇಬೇಕು ಅಂತೇನಿಲ್ಲ. ಮುಖ ತಿರುಗಿಸಿಕೊಂಡೇ ಹತ್ತು, ಆದರೆ ಹತ್ತು. ಎಲ್ಲರಿಗೂ ಹಾಕುವ ಹಾಗೆ ನಿನಗೂ ಒಂದು ಗೀಟು ಹಾಕುತ್ತೇನೆ.

ಉಳುಕಿದ ಕಾಲು ಪೂರ್ತಿ ವಾಸಿಯಾಗಲಿ, ಇನ್ನು ಮುಂದೆ ಯಾವ ಗೇಟೂ ನಿನ್ನ ಮುಖಕ್ಕೆ ಮುಚ್ಚದಿರಲಿ ಎಂದು ಹಾರೈಸುವ,

ನಿನ್ನ ಮೈದುನ