ಫುಟ್‌ಪಾತಿನ ವಾಚಂತೆ!

ತಮ್ಮಾ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಒಗೆಯಲು ತೆಗೆದ ನಿನ್ನ ಪ್ಯಾಂಟಿನ ಜೇಬಿನಲ್ಲಿದ್ದ ವಾಚು ಮೇಜಿನ ಮೇಲಿದೆ.

“ಫುಟ್‌ಪಾತಲ್ಲಿ ತಗೊಂಡಿದ್ದು, ಡೂಪ್ಲಿಕೇಟ್ ಕಣಕ್ಕಾ” ಅಂತ ಮೊನ್ನೆ ಕೇಳಿದಾಗ ಹೇಳಿದೆಯಲ್ಲ? ಡೂಪ್ಲಿಕೇಟಾದರೆ ಡಯಲ್ಲಿನೊಳಗಿನ ಆ ಮೂರು ಪುಟ್ಟ ಡಯಲ್‌ಗಳು ಬರೀ ಚಿತ್ರವಾಗಿರುತ್ತಿದ್ದವು. ಇದರ ಪಕ್ಕದ ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಬೆನ್ನ ಮೇಲೆ ‘ನೂರರಲ್ಲಿ ನಲವತ್ತೊಂದನೆಯದು’ ಎಂದು ಕೆತ್ತಿದೆ; ಅಂದರೆ ಮಾಡಿರುವುದೇ ನೂರು. ಇಂಥದ್ದನ್ನು ನಾನು ನೋಡಿರುವುದು ನಮ್ಮ ಕಾರ್ಖಾನೆಯ ಧಣಿಯ ಕೈಯಲ್ಲಿ ಮಾತ್ರ.

ಸಂಘದ ಕಾರ್ಯದರ್ಶಿಯಾಗಿ ನೀನು ನಿನ್ನೆ ಇದ್ದಕ್ಕಿದ್ದಂತೆ “ಮುಷ್ಕರ ಮುಂದಕ್ಕೆ ಹಾಕೋಣ” ಎಂದಾಗಲೇ ನನಗೆ ಅನುಮಾನ ಬಂದಿತ್ತು.

ಸಂಜೆ ಗೇಟಿನ ಸಭೆಗೆ ಅದನ್ನು ಕಟ್ಟಿಕೊಂಡೇ ಬಾ. ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂದು ಎಲ್ಲರೆದುರು ನೀನೇ ಹೇಳು. ಇಲ್ಲವಾದರೆ ನಾನೇ ಎದ್ದು ಕೇಳುತ್ತೇನೆ.

ಸದ್ಯಕ್ಕೆ ನಿನ್ನ,
ಅಕ್ಕ