ನೂರ ಹದಿನೆಂಟು

ಅಪ್ಪ,

ನೀನು ತೀರಿಕೊಂಡು ಮೂರು ವಾರವಾಯಿತು. ಇವತ್ತು ನಿನ್ನ ಮುದ್ದಿನ ಬೆಕ್ಕನ್ನು ಪ್ರಾಣಿಗಳ ಡಾಕ್ಟರ ಹತ್ತಿರ ಒಯ್ದಿದ್ದೆ. ಜೊತೆಗೆ ನಿಮ್ಮಿಬ್ಬರ ರಕ್ತದ ಸಕ್ಕರೆ ನೋಡುತ್ತಿದ್ದ ಮೀಟರು, ಬರೆದಿಡುತ್ತಿದ್ದ ನೋಟ್‌ಬುಕ್ಕು. ಡಾಕ್ಟರು ಎರಡನ್ನೂ ತಾಳೆ ನೋಡಿ, "ನಿಮ್ಮ ತಂದೆ ಒಂದು ದಿನಾನೂ ತಪ್ಪಿಸಿಲ್ಲ ನೋಡಿ. ಬೆಕ್ಕು ಆರಾಮಾಗಿದೆ" ಎಂದು ಹೊಗಳಿದರು.

ಭೇಷ್! ಆ ಸೋಂಬೇರಿಯ ಕಿವಿ ಚುಚ್ಚಿ ದಿನಕ್ಕೆರಡು ಸಲ ನೋಡಿದ್ದೀಯ. ಮೀಟರಿನಲ್ಲಿ ಉಳಿದಿರುವುದೂ ದಿನಕ್ಕೆರಡೇ ಸಂಖ್ಯೆ, ಎರಡೂ ಬೆಕ್ಕಿನವು. ನೋಟ್‌ಬುಕ್ಕಿನಲ್ಲಿ ನಿನ್ನ ಹೆಸರಿನ ಕೆಳಗೆ ಮಾತ್ರ ವರ್ಷವಿಡೀ 118. ಸುಳ್ಳು ಬರೆಯುವುದಕ್ಕೂ ಒಂದಿಷ್ಟು ಬುದ್ಧಿ ಬೇಕಪ್ಪ. ನಡುವೆ ಒಂದು 125 ಆದರೂ ಹಾಕಬಾರದಿತ್ತೇ? ಸೂಜಿ ಕಂಡರೆ ಬೆವರುವ ಪುಕ್ಕಲ ನೀನು. ಬೆಕ್ಕಿಗಿದ್ದ ಧೈರ್ಯವೂ ನಿನಗಿರಲಿಲ್ಲ. ಎಂಥ ಪೆದ್ದನಾದರೂ ಆ ಪುಟ ನೋಡಿದ ಕೂಡಲೇ ಕಂಡುಹಿಡಿಯುತ್ತಿದ್ದ.

ದಿನಾ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಾನು, "ಅಪ್ಪ, ಶುಗರ್ ಎಷ್ಟಿದೆ?" ಎನ್ನುತ್ತಿದ್ದೆ.

"ನೂರ ಹದಿನೆಂಟು ಕಣಮ್ಮ" ಎಂದು ನೀನು ಒಳಗಿನಿಂದಲೇ ಕೂಗುತ್ತಿದ್ದೆ.

ಒಂದು ವರ್ಷ, ದಿನಾ ಅದೇ ಸಂಖ್ಯೆ. ದಿನಾ "ಸರಿ" ಎಂದು ಬಾಗಿಲು ಎಳೆದುಕೊಂಡು ಹೋದವಳು ನಾನು.